ಅಂಟಿನ ಚೀಲ ಓದೋರು ಯಾರು?

ನಮ್ಮ ಕಲಬುರಗಿ ಕಡೆ ‘ಅಂಟು’ ಅಂದ ಕೂಡಲೇ ಮೊದಲು ನೆನಪಾಗೋದು ಅಂಟಿನುಂಡಿ. ಬಾಣಂತಿಗೆ ಅಂತ ಮಾಡಿಟ್ಟಿದ್ದನ್ನ ಮನೆಮಂದಿಯೆಲ್ಲ ಕದ್ದು ಖಾಲಿ ಮಾಡ್ತಾರಲ್ಲ, ಅದೇ ಉಂಡಿ :-) ಆದ್ರೆ ಇವತ್ತು ಬರೀತಿರೋದು ತಿನ್ನೋ ಅಂಟಿನ ಬಗ್ಗೆ ಅಲ್ಲ ಗೆಳೆಯರೇ. ನೆಲದ ಟೈಲು, ಕಾಲಿನ ಚಪ್ಪಲಿ, ಬಾಗಿಲಿನ ಪ್ಲೈವುಡ್, ಜೇಬಿನ ಮೊಬೈಲು, ಆಕಾಶದ ವಿಮಾನ.. ಇವನ್ನೆಲ್ಲ ಹಿಡಿದಿಟ್ಟಿರೋ ಅಂಟಿನ ಬಗ್ಗೆ.

“ದಿನವಿಡೀ ಕೋಡ್ ಬರೆಯೋನಿಗೆ ಅಂಟಿನ ಉಸಾಬರಿ ಯಾಕಪ್ಪಾ?” ಅಂತ ನೀವು ಕೇಳಬಹುದು. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿದ ದೊಡ್ಡ ದಂಡಿನಲ್ಲಿ ನಾನೂ ಒಬ್ಬ. ನಾಲ್ಕು ವರ್ಷದ ಡಿಗ್ರಿಯಲ್ಲಿ ಎರಡು ವಸ್ತು ಜೋಡಿಸೋದು ಹೇಗೆ ಅಂತ ಬೇಕಾದಷ್ಟು ಕಲಿಸಿದರು. ಬೋಲ್ಟು, ರಿವೆಟ್ಟು, ವೆಲ್ಡಿಂಗು ಅಂತ ಒಂದೊಂದಕ್ಕೂ ಪುಟಗಟ್ಟಲೆ ಲೆಕ್ಕ. ಅಂಟಿನ ವಿಷಯಕ್ಕೆ ಬಂದರೆ ಅರ್ಧ ಪುಟ. ಅದೂ ಪರೀಕ್ಷೆಗೆ ಬರಲ್ಲ ಅಂತ ಬಿಟ್ಟಿದ್ದೇ ಜಾಸ್ತಿ. ಆದರೆ ಇವತ್ತು ಸುತ್ತ ಕಣ್ಣಾಡಿಸಿ ನೋಡಿದರೆ ಬೋಲ್ಟಿಗಿಂತ ಅಂಟೇ ಹೆಚ್ಚು ಕೆಲಸ ಮಾಡ್ತಿದೆ.

ನಾನು ಹೇಳಬೇಕಿರೋದನ್ನ ಮೊದಲೇ ಹೇಳಿಬಿಡ್ತೀನಿ. ಅಂಟು ಅರ್ಧ ತಯಾರಾಗೋದು ಮಾತ್ರ ಕಾರ್ಖಾನೆಯಲ್ಲಿ. ಉಳಿದರ್ಧ ತಯಾರಾಗೋದು ಅದನ್ನ ಹಚ್ಚುವವನ ಕೈಯಲ್ಲಿ. ಆ ಎರಡನೇ ಅರ್ಧಕ್ಕೆ ಬೇಕಾದ ತಿಳಿವಳಿಕೆಯನ್ನ ಹಚ್ಚುವವನಿಗೆ ಬಾರದ ಭಾಷೆಯಲ್ಲಿ ಅಚ್ಚು ಹಾಕಿ ಮಾರಿದರೆ, ನಾವು ಪೂರ್ತಿ ದುಡ್ಡು ಕೊಟ್ಟು ಅರ್ಧ ಸರಕು ತಂದ ಹಾಗೆ. ಇದು ನನ್ನ ವಾದ. ಈಗ ಒಂದೊಂದಾಗಿ ನೋಡೋಣ.

ರೊಟ್ಟಿಯಲ್ಲಿರೋ ಅಂಟು

ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟಿಲ್ಲ. ತಣ್ಣೀರಲ್ಲಿ ಕಲಸಿ ಬಡಿದರೆ ರೊಟ್ಟಿಯ ಅಂಚೆಲ್ಲ ಬಿರಿದುಹೋಗುತ್ತೆ. ಅದಕ್ಕೇ ನಮ್ಮ ಅವ್ವಂದಿರು ಎಸರಿಟ್ಟು, ಕುದಿಯೋ ನೀರು ಹಾಕಿ ಹಿಟ್ಟು ನಾದ್ತಾರೆ. ಬಿಸಿನೀರು ತಗುಲಿದಾಗ ಹಿಟ್ಟಿನ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ, ಉಳಿದ ಹಿಟ್ಟನ್ನ ಹಿಡಿದಿಡುತ್ತವೆ. ಗೋಡೆಗೆ ಪೋಸ್ಟರ್ ಹಚ್ಚೋ ಮೈದಾ ಅಂಟಿನ ಹಿಂದಿರೋದೂ ಇದೇ ಸಂಗತಿ. ಹಿಟ್ಟು ಅದೇ, ನೀರು ಅದೇ, ಆದ್ರೆ ಯಾವಾಗ ಹಾಕಬೇಕು, ಎಷ್ಟು ಬಿಸಿ ಇರಬೇಕು, ಎಷ್ಟು ಹೊತ್ತು ನಾದಬೇಕು ಅನ್ನೋದು ಕೈಗೆ ಗೊತ್ತಿರಬೇಕು.

ಅಂಟೋದು ಅಂದರೆ ಏನು? ಯಾವ ಎರಡು ವಸ್ತುವಿನ ಅಣುಗಳೂ ಬಹಳ ಹತ್ತಿರ ಬಂದರೆ ಒಂದನ್ನೊಂದು ಎಳೀತವೆ. ಎಷ್ಟು ಹತ್ತಿರ ಅಂದ್ರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗದ ಆಸುಪಾಸು! ನಮ್ಮ ಕಣ್ಣಿಗೆ ನುಣ್ಣಗೆ ಕಾಣೋ ಕಲ್ಲೂ ಆ ಅಳತೆಯಲ್ಲಿ ನೋಡಿದರೆ ಬೆಟ್ಟ-ಕಣಿವೆ. ಎರಡು ಕಲ್ಲು ಒಂದರ ಮೇಲೊಂದು ಇಟ್ಟರೆ ನಿಜವಾಗಿ ತಾಕೋದು ನಾಲ್ಕಾರು ತುದಿ ಮಾತ್ರ. ಅದಕ್ಕೇ ನಡುವೆ ಒಂದು ದ್ರವ ಬೇಕು. ಅದು ಎಲ್ಲಾ ಕಣಿವೆಗೂ ಹರಿದು, ಎರಡೂ ಕಡೆ ಮೈ ತಾಕಿಸಿಕೊಂಡು, ಆಮೇಲೆ ಗಟ್ಟಿಯಾಗಬೇಕು. ಕೆಸುವಿನ ಎಲೆಯ ಮೇಲೆ ನೀರು ಗುಂಡಗೆ ಉರುಳಿ ಹೋಗುತ್ತಲ್ಲ, ಹಾಗೆ ಅಂಟೇನಾದ್ರೂ ಉರುಳಿದರೆ ಕೆಲಸ ಕೆಟ್ಟಿತು. ಪಾಲಿಥೀನ್ ಚೀಲಕ್ಕೆ ಸಾಮಾನ್ಯ ಅಂಟು ಹತ್ತದೇ ಇರೋದು ಈ ಕಾರಣಕ್ಕೇ. ಎಣ್ಣೆ, ಧೂಳು ಇದ್ದರೂ ಅಷ್ಟೇ. ಅಂಟು ಧೂಳಿಗೆ ಗಟ್ಟಿಯಾಗಿ ಹಿಡಿಯುತ್ತೆ, ಧೂಳು ಮಾತ್ರ ಕಲ್ಲಿಗೆ ಹಿಡಿದಿರಲ್ಲ!

ಗೋಡೆ ಮೇಲಿನ ಹಲ್ಲಿಯನ್ನೇ ನೋಡಿ. ಅದರ ಪಾದದಲ್ಲಿ ಯಾವ ಅಂಟೂ ಇಲ್ಲ. ಇರೋದು ಲಕ್ಷಾಂತರ ಸೂಕ್ಷ್ಮ ಕೂದಲು, ಒಂದೊಂದರ ತುದಿ ಮತ್ತೆ ನೂರಾರಾಗಿ ಸೀಳಿರುತ್ತೆ. ಆ ತುದಿಗಳೇ ಗೋಡೆಯ ಕಣಿವೆಗಳಿಗೆ ಇಳಿದು ಮೈ ತಾಕಿಸುತ್ತವೆ. 2000ದಲ್ಲಿ ಕೆಲ್ಲರ್ ಆಟಮ್ ಮತ್ತು ಅವರ ಸಂಗಡಿಗರು ಟೋಕೆ ಅನ್ನೋ ಜಾತಿಯ ಹಲ್ಲಿಯ ಒಂದೇ ಒಂದು ಕೂದಲಿನ ಬಲ ಅಳೆದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 2021ರಲ್ಲಿ ಅಮೆರಿಕದ ಎಂಐಟಿಯವರು ಬಾರ್ನಕಲ್ ಅನ್ನೋ ಕಡಲ ಜೀವಿಯನ್ನ ನೋಡಿ, ರಕ್ತ ಸುರಿಯುವ ಗಾಯಕ್ಕೂ ಹಿಡಿಯೋ ಒಂದು ಪೇಸ್ಟ್ ಮಾಡಿ ಪ್ರಾಣಿಗಳ ಮೇಲೆ ಪರೀಕ್ಷಿಸಿದರು. ಅದರ ಗುಟ್ಟು ಗೊತ್ತಾ? ಪೇಸ್ಟಿನಲ್ಲಿರೋ ಎಣ್ಣೆ ಮೊದಲು ರಕ್ತವನ್ನ ಪಕ್ಕಕ್ಕೆ ತಳ್ಳಿ ಜಾಗ ಸ್ವಚ್ಛ ಮಾಡುತ್ತೆ, ಆಮೇಲೆ ಅಂಟಿನ ಕಣಗಳು ಹಿಡೀತವೆ. ಅಂದ್ರೆ ಪ್ರಯೋಗಾಲಯದ ಇತ್ತೀಚಿನ ಅಂಟೂ ಮೊದಲು ಮಾಡೋದು ಒರೆಸೋ ಕೆಲಸವನ್ನೇ.

ನಮ್ಮ ಬೆಂಗಳೂರಿನದೇ ಉದಾಹರಣೆ ಬೇಕಾದರೆ ತೇಜಸ್ ವಿಮಾನ ಇದೆ. 2001ರ ಜನವರಿ 4ರಂದು ಮೊದಲ ಸಲ ಹಾರಿದ ಈ ಯುದ್ಧವಿಮಾನದ ರೆಕ್ಕೆ ಕಾರ್ಬನ್ ನಾರು ಮತ್ತು ರಾಳದ್ದು. ಬಿಡಿಭಾಗಗಳನ್ನ ಒಟ್ಟಿಗೇ ಬೇಯಿಸಿ, ಒಂದಕ್ಕೊಂದು ಅಂಟಿಸಿ ಒಂದೇ ಮೈ ಮಾಡೋ ವಿಧಾನವನ್ನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಬೆಳೆಸಿತು. ಸಾವಿರಾರು ರಿವೆಟ್ಟುಗಳು ಉಳಿದವು, ತೂಕ ಇಳಿಯಿತು. ಆದರೆ ಅಂಥಾ ಕಡೆ ಕೆಲಸ ಹೇಗೆ ನಡೆಯುತ್ತೆ? ಧೂಳಿಲ್ಲದ ಕೋಣೆ, ಅಳತೆ ಮಾಡಿದ ಉಷ್ಣತೆ, ಕೈಗವಸು, ಪ್ರತಿ ಹೆಜ್ಜೆಗೂ ಬರೆದಿಟ್ಟ ಕ್ರಮ. ಅಂಟು ಹಚ್ಚುವವನಿಗೆ ಓದಲು ಬಾರದ ಕಾಗದ ಕೊಟ್ಟು “ನೋಡ್ಕೋಪ್ಪಾ” ಅಂತ ಯಾರೂ ಬಿಡಲ್ಲ.

ಮೋಮಿನಪುರದ ನೆಲ

ಈಗ ನಮ್ಮೂರಿಗೆ ಬರ್ತೀನಿ. ಶಹಾಬಾದ್, ವಾಡಿ, ಸೇಡಂ ಸುತ್ತ ನೆಲದೊಳಗೆಲ್ಲ ಸುಣ್ಣದಕಲ್ಲು. ಅದನ್ನ ಸುಟ್ಟು ಸಿಮೆಂಟ್ ಮಾಡೋ ಕಾರ್ಖಾನೆಗಳೂ ಅಲ್ಲೇ ಇವೆ. ನಮ್ಮ ಹಳೇ ಮನೆಗಳ ನೆಲಕ್ಕೆಲ್ಲ ಶಹಾಬಾದ್ ಫರ್ಸಿ. ಫರ್ಸಿಯ ಕೆಳಮೈ ಒರಟು. ಸಿಮೆಂಟಿನ ಹಾಲು ಆ ಒರಟಿನ ಸಂದಿಗೆ ಇಳಿದು, ಅಲ್ಲೇ ಹರಳುಗಟ್ಟಿ, ಬೇರು ಬಿಟ್ಟ ಹಾಗೆ ಹಿಡಿದುಕೊಳ್ಳುತ್ತೆ. ಗೌಂಡಿಗಳು ತಲೆಮಾರಿನಿಂದ ಕಲಿತ ಕೆಲಸ ಇದು, ಅದರಲ್ಲಿ ಅವರನ್ನ ಮೀರಿಸೋರಿಲ್ಲ.

ಆಮೇಲೆ ಬಂತು ವಿಟ್ರಿಫೈಡ್ ಟೈಲು. ಇದು ಕುಡಿಯೋ ನೀರು ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚಿರಬಾರದು ಅನ್ನೋದೇ ಇದರ ಮಾನದಂಡ. ಅಂದ್ರೆ ಸಂದಿಗಳೇ ಇಲ್ಲದ ಗಾಜಿನಂಥ ಮೈ. ಸಿಮೆಂಟು ಬೇರು ಬಿಡೋಕೆ ಜಾಗವೇ ಇಲ್ಲ. ಅದರ ಮೇಲೆ ಭಟ್ಟಿಯಿಂದ ಬಂದ ಬಿಳಿ ಪುಡಿ ಬೆನ್ನಿಗೆ ಮೆತ್ತಿರುತ್ತೆ. ಹಳೇ ಪದ್ಧತಿಯಲ್ಲಿ ಕೂರಿಸಿದರೆ ಒಂದೆರಡು ವರ್ಷಕ್ಕೆ ಟೈಲು ತಟ್ಟಿದಾಗ ‘ಟೊಳ್ ಟೊಳ್’ ಅನ್ನುತ್ತೆ, ಬೇಸಿಗೆಯಲ್ಲಿ ಸಾಲಾಗಿ ಎದ್ದು ಗುಡಾರದ ಹಾಗೆ ನಿಲ್ಲುತ್ತೆ. ನಿಮ್ಮಲ್ಲಿ ಎಷ್ಟೋ ಜನ ನೋಡಿರ್ತೀರಿ.

ಇದಕ್ಕೆ ಪರಿಹಾರವಾಗಿ ಬಂದಿದ್ದೇ ಚೀಲದಲ್ಲಿ ಸಿಗೋ ಟೈಲ್ ಅಂಟು. ಸಿಮೆಂಟು, ಮರಳಿನ ಜೊತೆ ಪಾಲಿಮರ್ ಪುಡಿ ಮತ್ತು ಸೆಲ್ಯುಲೋಸಿನಿಂದ ಮಾಡಿದ ಇನ್ನೊಂದು ಪುಡಿ ಇರುತ್ತೆ. ಪಾಲಿಮರು ನುಣುಪು ಮೈಗೂ ಹಿಡಿಯೋ ರಬ್ಬರಿನಂಥ ಪದರ ಆಗುತ್ತೆ. ಸೆಲ್ಯುಲೋಸು ನೀರನ್ನ ಬೇಗ ಆರೋಕೆ ಬಿಡಲ್ಲ. ಭಾರತೀಯ ಮಾನಕ ಐಎಸ್ 15477, 2019ರ ಆವೃತ್ತಿಯಲ್ಲಿ, ಇದನ್ನ ಐದು ಬಗೆ ಮಾಡಿದೆ. ಒಳಗಿನ ನೆಲಕ್ಕೆ ಆಗೋದು ಬಿಸಿಲಿಗೆ ಒಡ್ಡಿದ ಹೊರಗೋಡೆಗೆ ಆಗಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಒಳ್ಳೆ ಟೈಲ್ ಅಂಟು ಪ್ರತಿ ಚದರ ಮಿಲಿಮೀಟರಿಗೆ ಅರ್ಧ ನ್ಯೂಟನ್ ಎಳೆತ ತಡೆಯುತ್ತೆ ಅಂತಿಟ್ಟುಕೊಳ್ಳಿ. ಅಂದ್ರೆ ಚದರ ಸೆಂಟಿಮೀಟರಿಗೆ ಸುಮಾರು 5 ಕಿಲೋ. 60 ಸೆಂ.ಮೀ. ಉದ್ದಗಲದ ಟೈಲಿನ ಬೆನ್ನು 3600 ಚದರ ಸೆಂಟಿಮೀಟರು. ಗುಣಿಸಿದರೆ 18,000 ಕಿಲೋ! ಟೈಲಿನ ತೂಕ ಎಂಟು ಕಿಲೋ ಆಸುಪಾಸು. ಮತ್ತೆ ಗೋಡೆಯಿಂದ ಟೈಲು ಬೀಳೋದು ಯಾಕೆ? ಅಂಟಿಗೆ ಶಕ್ತಿ ಸಾಲದೇ ಅಲ್ಲ, ಅಂಟು ಪೂರ್ತಿ ತಾಕದೇ ಇರೋದಕ್ಕೆ. ಐದು ಕಡೆ ಗುಡ್ಡೆ ಇಟ್ಟು ಒತ್ತಿರ್ತಾರೆ, ಉಳಿದಿದ್ದೆಲ್ಲ ಗಾಳಿ. ಬಿಳಿ ಪುಡಿ ಒರೆಸಿರಲ್ಲ. ಟೈಲುಗಳ ನಡುವೆ ಎರಡು ಮಿಲಿಮೀಟರ್ ಸಂದಿ ಬಿಡಬೇಕು ಅಂದರೆ ಮನೆಯ ಯಜಮಾನರಿಗೇ “ಜೋಡು ಕಾಣಬಾರದು”. ಬಿಸಿಲಿಗೆ ಹಿಗ್ಗಿದ ಟೈಲು ಹೋಗೋದಾದ್ರೂ ಎಲ್ಲಿಗೆ? ಪಕ್ಕದ ಟೈಲನ್ನ ತಳ್ಳುತ್ತೆ. ತಳ್ಳಿದ್ದು ಅಂಚಿನಿಂದ ಏಳುತ್ತೆ. ಅಂಟು ಎಳೆತ ತಡೆಯೋದರಲ್ಲಿ ಗಟ್ಟಿ, ಅಂಚಿನಿಂದ ಸುಲಿದರೆ ಬಹಳ ಸೊಪ್ಪು. ಸ್ಟಿಕ್ಕರನ್ನ ಮಧ್ಯದಿಂದ ಎಳೆದು ತೆಗೆಯೋಕೆ ನೋಡಿ, ಆಮೇಲೆ ಮೂಲೆಯಿಂದ ಸುಲಿದು ನೋಡಿ. ಗೊತ್ತಾಗುತ್ತೆ.

ಮೋಮಿನಪುರದಲ್ಲಿ ಗೆಳೆಯನೊಬ್ಬನ ಮನೆ ಕೆಲಸ ನಡೀತಿತ್ತು, ಏಪ್ರಿಲ್ ತಿಂಗಳು. ನಮ್ಮಲ್ಲಿ ಏಪ್ರಿಲ್, ಮೇ ಅಂದರೆ 42-43 ಡಿಗ್ರಿ ಹೊಸದೇನಲ್ಲ. ಟೈಲು ಕೂರಿಸ್ತಿದ್ದ ಗೌಂಡಿ ಚಾಚಾಗೆ ಅರವತ್ತರ ಹತ್ತಿರ ವಯಸ್ಸು. ಬುಟ್ಟಿಯಲ್ಲಿದ್ದ ಅಂಟು ಗಟ್ಟಿಯಾಗಲು ಶುರುವಾಗಿತ್ತು, ಅದಕ್ಕೆ ಇನ್ನಷ್ಟು ನೀರು ಹಾಕಿ ಕಲಸ್ತಿದ್ದರು. ಹಾಗೆ ಮಾಡಬಾರದು ಅಂತ ಚೀಲದ ಮೇಲೇ ಇಂಗ್ಲಿಷಿನಲ್ಲಿತ್ತು. ಕಲಸಿದ್ದನ್ನ ಇಷ್ಟು ಹೊತ್ತಿನೊಳಗೆ ಮುಗಿಸಬೇಕು, ಹರವಿದ ಮೇಲೆ ಇಷ್ಟು ನಿಮಿಷದೊಳಗೆ ಟೈಲು ಕೂರಿಸಬೇಕು, ಹಲ್ಲಿನ ಥಾಪಿಯಿಂದ ಎಳೀಬೇಕು, ಟೈಲು ನೀರಲ್ಲಿ ನೆನೆಹಾಕಬಾರದು.. ಎಲ್ಲಾ ಇತ್ತು, ಇಂಗ್ಲಿಷು ಮತ್ತು ಹಿಂದಿಯಲ್ಲಿ. ನಾನು ಓದಿ ಹೇಳಿದೆ. ಚಾಚಾ ಸಿಟ್ಟಾಗಲಿಲ್ಲ. ಥಾಪಿ ಕೆಳಗಿಟ್ಟು ಹೇಳಿದ ಮಾತು ಇದು:

“ತಮ್ಮಾ, ನಾ ಐದನೇತ್ತಾ ತನಕ ಕನ್ನಡ ಸಾಲಿ ಕಲ್ತೀನಿ. ಕನ್ನಡದಾಗ ಬರ್ದಿದ್ರ ನಾನೇ ಓದ್ತಿದ್ದೆ. ಇದು ಯಾರಿಗಿ ಬರ್ದಾರ? ಇಂಗ್ಲಿಷ್ ಬರೋರು ಯಾರರೆ ಥಾಪಿ ಹಿಡೀಲತ್ತಾರೇನು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆಯಾ?

ಚಾಚಾ ದಡ್ಡರಲ್ಲ. ಮರುದಿನ ಹೋಗಿ ನೋಡಿದರೆ ನೆರಳಲ್ಲಿ ಸಣ್ಣ ಸಣ್ಣ ಪ್ರಮಾಣದಲ್ಲಿ ಕಲಸ್ತಿದ್ದರು. ಒಂದು ಟೈಲು ಕೂರಿಸಿ, ತಕ್ಷಣ ಎತ್ತಿ, ಬೆನ್ನು ತಿರುಗಿಸಿ ಎಲ್ಲಾ ಕಡೆ ಅಂಟು ಮೆತ್ತಿದೆಯಾ ಅಂತ ನೋಡ್ತಿದ್ದರು. ಚೀಲದ ಮೇಲಿನ ಸಮಯ ಹಿತವಾದ ಹವೆಯಲ್ಲಿ ಅಳೆದಿದ್ದು. ಅಲ್ಲಿ 20 ನಿಮಿಷ ಹಸಿಯಾಗಿರೋದು ನಮ್ಮ ಏಪ್ರಿಲ್ಲಿನ ಬಿಸಿಗಾಳಿಗೆ ಅರ್ಧವೂ ಇರಲ್ಲ, ಮೇಲೆ ಚರ್ಮ ಕಟ್ಟುತ್ತೆ. ಇದನ್ನ ಬೆರಳಿನಿಂದ ಮುಟ್ಟಿ ನೋಡಿ ಕಂಡುಕೊಂಡಿದ್ದು ಚಾಚಾನೇ. ಕಾರಣ ಗೊತ್ತಾದ ಮೇಲೆ ಕೈ ತಾನೇ ದಾರಿ ಹುಡುಕಿಕೊಂಡಿತು. ಮೊದಲ ಮಾಹಿತಿ ಮಾತ್ರ ಅವರವರೆಗೆ ಬಂದಿರಲಿಲ್ಲ.

ತಿಳಿಯದೇ ಹಚ್ಚಿದರೆ ಏನಾಗುತ್ತೆ

“ಒಂದು ಟೈಲು ಎದ್ದರೆ ಇನ್ನೊಂದು ಹಾಕಿಸಿದರಾಯ್ತು, ಅದಕ್ಕಿಷ್ಟು ಗಲಾಟೆ ಯಾಕೆ” ಅನ್ನೋರಿಗೆ ಎರಡು ಕತೆ ಹೇಳ್ತೀನಿ.

2006ರ ಜುಲೈ 10. ಅಮೆರಿಕದ ಬಾಸ್ಟನ್ ನಗರದ ಸುರಂಗ ರಸ್ತೆ. ಮೇಲ್ಚಾವಣಿಯ ಕಾಂಕ್ರೀಟ್ ಹಲಗೆಗಳನ್ನ ಬೋಲ್ಟುಗಳಿಂದ ತೂಗುಬಿಟ್ಟಿದ್ದರು, ಆ ಬೋಲ್ಟುಗಳನ್ನ ಎಪಾಕ್ಸಿ ಅಂಟಿನಿಂದ ಮೇಲಿನ ಕಾಂಕ್ರೀಟಿನೊಳಗೆ ಕೂರಿಸಿದ್ದರು. ಸುಮಾರು 26 ಟನ್ ಕಾಂಕ್ರೀಟು, ಕಬ್ಬಿಣ ಕೆಳಗೆ ಹೋಗ್ತಿದ್ದ ಕಾರಿನ ಮೇಲೆ ಬಿತ್ತು. ಒಬ್ಬ ಹೆಣ್ಣುಮಗಳು ತೀರಿಕೊಂಡಳು. ತನಿಖೆಯಲ್ಲಿ ಹೊರಬಂದಿದ್ದೇನು? ಆ ಎಪಾಕ್ಸಿ ಎರಡು ಬಗೆಯಲ್ಲಿ ಸಿಗ್ತಿತ್ತು. ಬೇಗ ಗಟ್ಟಿಯಾಗೋದು ಒಂದು, ನಿಧಾನಕ್ಕೆ ಗಟ್ಟಿಯಾಗೋದು ಇನ್ನೊಂದು. ಬೇಗ ಆಗೋದು ಕ್ಷಣಕಾಲದ ಎಳೆತಕ್ಕೆ ಗಟ್ಟಿ, ವರ್ಷಗಟ್ಟಲೆ ತೂಕ ತೂಗುಬಿಟ್ಟರೆ ಕೂದಲೆಳೆಯಷ್ಟೇ ಜಾರುತ್ತಾ ಜಾರುತ್ತಾ ಕಳಚಿಕೊಳ್ಳೋದು. ಸುರಂಗದಲ್ಲಿ ಬಳಸಿದ್ದು ಅದನ್ನೇ. ಎರಡರ ನಡುವಿನ ವ್ಯತ್ಯಾಸ ಕೆಲಸದ ಜಾಗಕ್ಕೆ ಸರಿಯಾಗಿ ತಲುಪಲೇ ಇಲ್ಲ. ಅದೂ ಎಲ್ಲರೂ ಇಂಗ್ಲಿಷ್ ಓದೋ ಊರಲ್ಲಿ!

ಇನ್ನೊಂದು 1988ರ ಏಪ್ರಿಲ್ 28ರದ್ದು. ಹವಾಯಿ ದ್ವೀಪಗಳಲ್ಲಿ ಹಾರ್ತಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಮುಂಭಾಗದ ಚಾವಣಿ ಆಕಾಶದಲ್ಲೇ ಕಿತ್ತುಹೋಯ್ತು. ಒಬ್ಬ ಗಗನಸಖಿ ಸತ್ತಳು. ವಿಮಾನ ಇಳಿದಿದ್ದೇ ಪವಾಡ. ಆ ಕಾಲದ 737ಗಳಲ್ಲಿ ಲೋಹದ ಹಾಳೆಗಳ ಜೋಡಣೆಗೆ ರಿವೆಟ್ಟಿನ ಜೊತೆ ಅಂಟೂ ಇತ್ತು. ಅಂಟಿನ ಬಟ್ಟೆಯನ್ನ ತಣ್ಣಗಿಟ್ಟು ತರಬೇಕಿತ್ತು. ಅದರ ಮೇಲೆ ತೇವ ಕೂತರೆ, ಅಥವಾ ಲೋಹದ ಮೈ ಸರಿಯಾಗಿ ತಯಾರಾಗದಿದ್ದರೆ, ಹಿಡಿತ ಕಡಿಮೆ. ಅಂಟು ಬಿಟ್ಟ ಕಡೆ ನೀರು ಹೊಕ್ಕು ತುಕ್ಕು, ಭಾರವೆಲ್ಲ ರಿವೆಟ್ಟಿನ ಮೇಲೆ, ಅಲ್ಲಿಂದ ಬಿರುಕು. ವರ್ಷಗಳ ಹಿಂದೆ ಅಂಟು ಹಚ್ಚುವಾಗ ಕೂತ ತೇವದ ಬೆಲೆ ಇದು.

ನಮ್ಮೂರಲ್ಲಿ ಈಗ ಹೊಸ ಅಂಗಡಿ, ಮಳಿಗೆಗಳ ಮುಂಗೋಡೆಗೆಲ್ಲ ಗ್ರಾನೈಟು. ಎರಡನೇ ಮಹಡಿಯ ಎತ್ತರದಲ್ಲಿ ಅಂಟಿಸಿದ ಕಲ್ಲಿನ ಕೆಳಗೆ ಜನ ಚಹಾ ಕುಡೀತಾ ನಿಂತಿರ್ತಾರೆ. ಯೋಚನೆ ಮಾಡಿ.

ಕಲ್ಲು ಬೀಳೋದೊಂದೇ ಅಪಾಯ ಅಲ್ಲ. ಪಂಕ್ಚರ್ ಅಂಗಡಿಯಲ್ಲಿ, ಚಪ್ಪಲಿ ಹೊಲಿಯೋರ ಹತ್ತಿರ ಇರೋ ‘ಸಲೂಷನ್’ನಲ್ಲಿ ಟಾಲೀನ್‌ನಂಥ ಆವಿಯಾಗೋ ದ್ರವ ಇರುತ್ತೆ. ಮುಚ್ಚಿದ ಜಾಗದಲ್ಲಿ ದಿನವಿಡೀ ಉಸಿರಾಡಿದರೆ ತಲೆಸುತ್ತು, ನರಗಳಿಗೆ ಪೆಟ್ಟು. ಬೀದಿ ಮಕ್ಕಳು ಅದನ್ನೇ ಮೂಸಿ ಹಾಳಾಗೋದು ನಮಗೆ ಗೊತ್ತಿರೋ ಕತೆ. ಕಿಟಕಿ ತೆಗೆದಿಟ್ಟುಕೊಂಡು ಬಳಸಿ, ಬೆಂಕಿಯಿಂದ ದೂರ ಇಡಿ, ಮಕ್ಕಳ ಕೈಗೆ ಕೊಡಬೇಡಿ ಅನ್ನೋ ಮಾತು ಟ್ಯೂಬಿನ ಮೇಲೆ ಸೊಳ್ಳೆಯಷ್ಟು ಅಕ್ಷರದಲ್ಲಿರುತ್ತೆ. ಯಾವ ಭಾಷೆಯಲ್ಲಿ ಅಂತ ಮತ್ತೆ ಹೇಳಬೇಕಾ?

ಕಾನೂನು ಏನನ್ನುತ್ತೆ

ಕೇಂದ್ರದ 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಜೊತೆಗೆ ಬೇರೆ ಭಾಷೆ ಹಾಕಿದರೆ ಅಡ್ಡಿಯಿಲ್ಲ. ಅಂದ್ರೆ ಕನ್ನಡ ಹಾಕಬಹುದು, ಹಾಕಲೇಬೇಕು ಅಂತಿಲ್ಲ. ಆ ಕಡ್ಡಾಯ ವಿವರ ಅಂದ್ರೂ ತಯಾರಕರ ಹೆಸರು, ತೂಕ, ತಿಂಗಳು, ಬೆಲೆ ಇಂಥವು. ಹಚ್ಚೋದು ಹೇಗೆ ಅನ್ನೋದು ಅದರಲ್ಲಿ ಬರಲ್ಲ.

ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, 2022 ಒಂದು ಹೆಜ್ಜೆ ಮುಂದೆ ಹೋಗಿದೆ. ಅದರ ಆಧಾರದ ಮೇಲೆ 2025ರ ಫೆಬ್ರವರಿಯಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿ, ಕರ್ನಾಟಕದಲ್ಲಿ ತಯಾರಾಗೋ ಸರಕಿನ ಮೇಲೆ ಹೆಸರು ಮತ್ತು ಬಳಸುವ ಸೂಚನೆ ಕನ್ನಡದಲ್ಲೂ ಇರಬೇಕು ಅಂತ ಹೇಳಿತು. ಸಂತೋಷ. ಆದರೆ ಬೇರೆ ರಾಜ್ಯದಲ್ಲಿ ತಯಾರಾಗಿ ಲಾರಿಯಲ್ಲಿ ಬಂದ ಚೀಲಕ್ಕೆ ಇದು ಅನ್ವಯಿಸಲ್ಲ. ಅಂಟು ಎಲ್ಲಿ ತಯಾರಾಯ್ತು ಅನ್ನೋದಕ್ಕಿಂತ ಎಲ್ಲಿ ಹಚ್ಚುತ್ತಾರೆ ಅನ್ನೋದು ಮುಖ್ಯ ಅಲ್ವಾ?

ನನಗೆ ಬರಬಹುದಾದ ಆಕ್ಷೇಪಗಳು ಗೊತ್ತು. “ಗೌಂಡಿಗಳು ಎಲ್ಲಿ ಓದ್ತಾರ್ರೀ” ಅಂತೀರಿ. ಓದೋರೂ ಇದ್ದಾರೆ, ಓದದವರ ಮನೆಯಲ್ಲಿ ಓದೋ ಮಕ್ಕಳಿದ್ದಾರೆ. ಓದು ಬಾರದವರಿಗೆ ಚಿತ್ರ ಹಾಕಬಹುದು. “ಮೋಮಿನಪುರದಲ್ಲಿ ಉರ್ದು ಓದೋರು ಹೆಚ್ಚು” ಅಂತೀರಿ. ಹಾಗಾದ್ರೆ ಉರ್ದುವೂ ಇರಲಿ, ನನ್ನದೇನೂ ತಕರಾರಿಲ್ಲ. ಓದಿ ಹೇಳೋ ಧ್ವನಿಯನ್ನ ಚೀಲದ ಮೇಲಿನ ಕ್ಯೂಆರ್ ಚೌಕದೊಳಗೆ ಇಡೋದು ಇವತ್ತು ಎರಡು ದಿನದ ಕೆಲಸ. ನಮ್ಮಂಥ ಕೋಡ್ ಕುಟ್ಟೋರು ಇರೋದ್ಯಾಕೆ! “ಖರ್ಚು ಜಾಸ್ತಿ ಆಗುತ್ತೆ” ಅಂತೀರಿ. ಎದ್ದ ನೆಲ ಒಡೆದು ಮತ್ತೆ ಹಾಕಿಸೋ ಖರ್ಚಿಗಿಂತಲಾ? ಆ ಖರ್ಚು ಬೀಳೋದು ಮನೆಯವರ ಮೇಲೆ, ಕೆಟ್ಟ ಹೆಸರು ಬರೋದು ಗೌಂಡಿಗೆ. ಕಂಪನಿ ಮಾತ್ರ “ಸೂಚನೆ ಪಾಲಿಸಿಲ್ಲ” ಅಂತ ಕೈ ತೊಳ್ಕೊಳ್ಳುತ್ತೆ.

ನಾವೇನು ಮಾಡಬಹುದು?

ಕಂಪನಿಗೆ, ಸರ್ಕಾರಕ್ಕೆ ಬೈದು ಮುಗಿಸೋ ಆಸೆ ನನಗಿಲ್ಲ. ನಾಳೆ ಯಾರೋ ಕನ್ನಡದಲ್ಲಿ ಹಾಕ್ತೀವಿ ಅಂತ ಮುಂದೆ ಬಂದರೂ, ಯಾವ ಕನ್ನಡ ಹಾಕ್ತಾರೆ? ‘ಮುಕ್ತ ಕಾಲಾವಧಿ’ ಅಂತ ಬರೆದರೆ ಚಾಚಾಗೆ ಇಂಗ್ಲಿಷೇ ವಾಸಿ ಅನ್ನಿಸುತ್ತೆ. ಪದಗಳು ಕೆಲಸ ಮಾಡೋರ ಬಾಯಲ್ಲೇ ಇವೆ. ಹರವಿದ ಅಂಟು ಇನ್ನೂ ಹಿಡಿಯೋ ಸ್ಥಿತಿಯಲ್ಲಿರೋ ಸಮಯಕ್ಕೆ ಚಾಚಾ ‘ಹಸಿ ಹೊತ್ತು’ ಅಂದರು. ಎಷ್ಟು ಚೆನ್ನಾಗಿದೆ ನೋಡಿ! ಕಲಸಿಟ್ಟಿದ್ದು ಬುಟ್ಟಿಯಲ್ಲೇ ಗಟ್ಟಿಯಾಗೋದಕ್ಕೆ, ಟೈಲಿನ ಬೆನ್ನಿನ ಬಿಳಿ ಪುಡಿಗೆ, ಅಂಚಿನಿಂದ ಸುಲಿಯೋದಕ್ಕೆ, ತೂಕಕ್ಕೆ ನಿಧಾನವಾಗಿ ಜಾರೋದಕ್ಕೆ, ಒಳಗೆ ಟೊಳ್ಳು ಉಳಿಯೋದಕ್ಕೆ ನಿಮ್ಮ ಊರಿನ ಗೌಂಡಿ, ಬಡಿಗೇರು, ಚಪ್ಪಲಿ ಹೊಲಿಯೋರು, ಪಂಕ್ಚರ್ ಅಂಗಡಿಯವರು ಏನಂತಾರೆ?

ಮಂಗಳೂರು, ಮೈಸೂರು, ಧಾರವಾಡ, ಬೀದರ್, ಕಾಸರಗೋಡು.. ಎಲ್ಲಾ ಕಡೆ ಇರೋ ಗೆಳೆಯರು ಒಂದ್ಸಲ ಕೇಳಿ ನೋಡಿ. ಸಿಕ್ಕಿದ್ದನ್ನ ನಿಮ್ಮ ನಿಮ್ಮ ಬ್ಲಾಗಿನಲ್ಲಿ ಬರೀರಿ, ಅಥವಾ ನನಗೆ ತಿಳಿಸಿ. ಎಲ್ಲ ಸೇರಿಸಿ, ಟೈಲ್ ಅಂಟು ಹಚ್ಚುವ ಕ್ರಮವನ್ನ ಒಂದೇ ಪುಟದಲ್ಲಿ, ಚಿತ್ರಸಮೇತ, ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳೋ ಹಾಗೆ ಮಾಡೋಣ. ಮೊದಲ ಪ್ರತಿಯನ್ನ ಮೋಮಿನಪುರದ ಹಾರ್ಡ್‌ವೇರ್ ಅಂಗಡಿಯ ಬಾಗಿಲಿಗೆ ಅಂಟಿಸೋ ಜವಾಬ್ದಾರಿ ನನ್ನದು. ಮೈದಾ ಅಂಟಿನಿಂದಲೇ :-)